ಚೈನು ಕೈಗೆತ್ತಿಕೊಂಡರೆ ನಾಯಿ ಸೀನುವುದೇಕೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಮೂರು ವರ್ಷದ ನಾಟಿ ನಾಯಿಯಿದೆ. ಹೆಸರು ಕರಿಯ. ಸಂಜೆ ಸುತ್ತಾಡಿಸಲೆಂದು ಗೋಡೆಯ ಮೊಳೆಯಿಂದ ಚೈನು ತೆಗೆದರೆ ಸಾಕು, ಸುತ್ತಲೂ ಕುಣಿಯುತ್ತ ನಾಲ್ಕೈದು ಬಾರಿ ಸೀನುತ್ತಾನೆ. ಪಕ್ಕದ ಮನೆಯ ನಾಯಿಯೊಡನೆ ಆಡುವಾಗಲೂ ಹೀಗೆಯೇ. ಉಳಿದ ಹೊತ್ತಿನಲ್ಲಿ ಸೀನುವುದಿಲ್ಲ; ಊಟ, ನಿದ್ದೆ ಎಲ್ಲವೂ ಚೆನ್ನಾಗಿದೆ. ಶೀತವಾಗಿರಬಹುದು ಎಂದು ನಮ್ಮ ಯಜಮಾನರು ಹೇಳುತ್ತಾರೆ. ಹೊರಡುವ ಹೊತ್ತಿನಲ್ಲಿ ಸೀನುವುದು ಒಳ್ಳೆಯದಲ್ಲ ಎಂಬುದು ಅತ್ತೆಯವರ ಆತಂಕ. ಔಷಧಿ ಕೊಡಿಸಬೇಕೇ?
ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಕರಿಯನಿಗೆ ಔಷಧಿ ಬೇಕಾಗಿಲ್ಲ. ಹಾಗೆ ಹೇಳುವ ಧೈರ್ಯವನ್ನು ನನಗೆ ಕೊಟ್ಟದ್ದು ನಿಮ್ಮ ಪತ್ರದ ಒಂದು ಸಣ್ಣ ವಾಕ್ಯ: ಉಳಿದ ಹೊತ್ತಿನಲ್ಲಿ ಸೀನುವುದಿಲ್ಲ. ಶೀತವಾಗಲಿ ಮೂಗಿನ ಸೋಂಕಾಗಲಿ ಚೈನು ಮೊಳೆಯಿಂದ ಇಳಿದಾಗ ಬಂದು, ಚೈನು ಮೊಳೆಗೆ ಮರಳಿದಾಗ ಹೊರಟುಹೋಗುವುದಿಲ್ಲ. ರೋಗದ ಸೀನು ನಾಯಿ ಮಲಗಿದ್ದಾಗಲೂ ಬರುತ್ತದೆ, ಅನ್ನದ ತಟ್ಟೆಯ ಮುಂದೆಯೂ ಬರುತ್ತದೆ, ಯಾರೂ ನೋಡದ ಮೂಲೆಯಲ್ಲಿಯೂ ಬರುತ್ತದೆ. ಸಂತೋಷದ ಹೊತ್ತಿಗೆ ಮಾತ್ರ ಬಂದು ಆ ಸಂತೋಷದೊಡನೆಯೇ ಇಳಿಯುವ ಸೀನು ಬೇರೆಯೇ ಜಾತಿಯದು. ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತೇವೆ ಎಂಬುದೇ ಅರ್ಧ ಗೊಂದಲಕ್ಕೆ ಕಾರಣ.

ಮೊದಲು ನಿಜವಾದ ಸೀನು ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡೋಣ. ಮೂಗಿನ ಒಳಗಿನ ತೇವದ ಪೊರೆಗೆ ಧೂಳೋ, ಹೊಗೆಯೋ, ಒಣಮೆಣಸಿನ ಒಗ್ಗರಣೆಯ ಘಾಟೋ ತಗುಲಿದಾಗ, ಮುಖದ ಸಂವೇದನೆಯನ್ನು ಹೊರುವ ಟ್ರೈಜೆಮಿನಲ್ ಎಂಬ ನರ ಆ ಸುದ್ದಿಯನ್ನು ಮಿದುಳಿನ ಬುಡದಲ್ಲಿರುವ ಮೆಡುಲ್ಲಾಕ್ಕೆ ಮುಟ್ಟಿಸುತ್ತದೆ. ಅಲ್ಲಿಂದ ಹೊರಡುವ ಆಜ್ಞೆಗೆ ಎದೆ, ಹೊಟ್ಟೆ ಮತ್ತು ಗಂಟಲಿನ ಸ್ನಾಯುಗಳು ಒಟ್ಟಾಗಿ ಓಗೊಡುತ್ತವೆ. ಪ್ರಾಣಿ ಆಳವಾಗಿ ಉಸಿರೆಳೆದುಕೊಳ್ಳುತ್ತದೆ, ಧ್ವನಿಪೆಟ್ಟಿಗೆಯ ಬಾಗಿಲು ಕ್ಷಣಕಾಲ ಮುಚ್ಚಿ ಒಳಗೆ ಒತ್ತಡ ಏರುತ್ತದೆ, ಬಾಗಿಲು ತೆರೆದೊಡನೆ ಗಾಳಿ ಮೂಗಿನ ಮೂಲಕ ಸಿಡಿಯುತ್ತದೆ. ಒಮ್ಮೆ ಶುರುವಾದ ಈ ಸರಣಿಯನ್ನು ನಡುವೆ ತಡೆಯುವುದು ನಾಯಿಗೂ ಕಷ್ಟ, ನಮಗೂ ಕಷ್ಟ. ಜೋರಾದ ಸೀನಿನ ರಭಸಕ್ಕೆ ನಾಯಿಯ ತಲೆ ಮುಂದಕ್ಕೆ ಜಾಡಿಸಿ ಮೂತಿ ನೆಲಕ್ಕೆ ಬಡಿಯುವುದನ್ನು ಸಾಕಿದವರೆಲ್ಲ ಒಮ್ಮೆಯಾದರೂ ಕಂಡಿರುತ್ತಾರೆ.

ಆಟದ ಸೀನಿಗೆ ಈ ಸಿದ್ಧತೆಯೆಲ್ಲ ಇರುವುದಿಲ್ಲ. ಉಸಿರೆಳೆದುಕೊಳ್ಳುವ ವಿರಾಮ ಕಾಣುವುದಿಲ್ಲ. ಮೂಗಿನ ಮೇಲೆ ಸುಕ್ಕು ಬೀಳುತ್ತದೆ, ತಲೆ ಸ್ವಲ್ಪ ಮೇಲಕ್ಕೆ ಅಥವಾ ಪಕ್ಕಕ್ಕೆ ಒಲೆಯುತ್ತದೆ, ಮೂಗಿನ ತುದಿಯಿಂದ ‘ಫ್ಸ್’ ಎಂಬ ಚುಟುಕಾದ ಸದ್ದು ಬರುತ್ತದೆ, ಕೂಡಲೇ ಇನ್ನೊಂದು. ಸಿಂಬಳ ಸಿಡಿಯುವುದಿಲ್ಲ. ಬಾಲ ಅಲ್ಲಾಡುತ್ತಲೇ ಇರುತ್ತದೆ, ಕಣ್ಣು ನಿಮ್ಮ ಕೈಯ ಮೇಲೆಯೇ ಇರುತ್ತದೆ. ಸರಿಯಾಗಿ ಹೇಳಬೇಕೆಂದರೆ ಇದು ಸೀನಲ್ಲ, ಮೂಗಿನಿಂದ ಗಾಳಿ ಚಿಮ್ಮಿಸುವ ಕ್ರಿಯೆ. ಕುದುರೆ ‘ಫುರ್ರ್’ ಎನ್ನುವುದಕ್ಕೆ ಇದು ಹೆಚ್ಚು ಹತ್ತಿರ. ಈ ಹೋಲಿಕೆಯನ್ನು ನಾನು ಸುಮ್ಮನೆ ತಂದದ್ದಲ್ಲ. ಕುದುರೆಯ ಆ ಸದ್ದು ಮೂಗು ಶುಚಿಮಾಡಿಕೊಳ್ಳುವುದಕ್ಕೆ ಮಾತ್ರ ಎಂದು ಬಹಳ ಕಾಲ ನಂಬಲಾಗಿತ್ತು. ಫ್ರಾನ್ಸಿನ ರೆನ್ ವಿಶ್ವವಿದ್ಯಾಲಯದ ಸಂಶೋಧಕರು 48 ಕುದುರೆಗಳನ್ನು ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಾಯದಲ್ಲಿರುವಾಗಿನದಕ್ಕಿಂತ ಹುಲ್ಲುಗಾವಲಿನಲ್ಲಿ ಮೇಯುವಾಗ, ಕಿವಿ ಮುಂದಕ್ಕೆ ಚಾಚಿ ನಿರಾಳವಾಗಿರುವಾಗ ಅವು ಹೆಚ್ಚು ಬಾರಿ ಹೀಗೆ ಫುರ್ಗುಟ್ಟುತ್ತವೆ ಎಂಬುದು ಕಂಡುಬಂತು. ಮೂಗಿನ ಕೆಲಸವೊಂದು ಮನಸ್ಸಿನ ಸ್ಥಿತಿಯನ್ನೂ ಹೊರಹಾಕಬಲ್ಲದು ಎಂಬುದಕ್ಕೆ ಅದೊಂದು ಒಳ್ಳೆಯ ನಿದರ್ಶನ.

ಹಾಗಾದರೆ ನಾಯಿ ಆಟದ ನಡುವೆಯೇ ಏಕೆ ಗಾಳಿ ಚಿಮ್ಮಿಸಬೇಕು? ಒಂದೇ ಕಾರಣವನ್ನು ಬೆರಳು ಮಾಡಿ ತೋರಿಸುವುದು ಸರಿಯಲ್ಲ. ದೇಹದ ಕಾರಣಗಳೂ ಸಂವಹನದ ಕಾರಣಗಳೂ ಇಲ್ಲಿ ಒಂದರೊಳಗೊಂದು ಹೆಣೆದುಕೊಂಡಿವೆ.

ದೇಹದಿಂದ ಆರಂಭಿಸೋಣ. ನಾಯಿ ಮೂಸುವಾಗ ಸೆಕೆಂಡಿಗೆ ಸುಮಾರು ಐದು ಬಾರಿ ಗಾಳಿಯನ್ನು ಒಳಗೆಳೆದು ಹೊರಬಿಡುತ್ತದೆ. ಹೊರಹೋಗುವ ಗಾಳಿ ಹೊಳ್ಳೆಯ ಪಕ್ಕದ ಸೀಳಿನಿಂದ ಹಿಂದಕ್ಕೆ ಹಾಯುವುದರಿಂದ ಮುಂದಿನ ವಾಸನೆ ಕದಡುವುದಿಲ್ಲ. ಉದ್ವೇಗಗೊಂಡ ನಾಯಿಯ ಉಸಿರು, ಮೂಸುವಿಕೆ ಎರಡೂ ಚುರುಕಾಗುತ್ತವೆ. ಅದೇ ಹೊತ್ತಿನಲ್ಲಿ ಅದು ಇನ್ನೊಂದು ನಾಯಿಯ ಕತ್ತಿನ ರೋಮದಲ್ಲಿ ಮೂತಿ ತುರುಕುತ್ತದೆ, ಕಾಲಿನಿಂದ ಎದ್ದ ಧೂಳನ್ನು ಕುಡಿಯುತ್ತದೆ, ಬೆನ್ನ ಮೇಲೆ ಉರುಳಿ ಮೂಗನ್ನು ಆಕಾಶಕ್ಕೆ ಮಾಡುತ್ತದೆ. ಇನ್ನೊಂದು ಸಂಗತಿ ಮುಖದ ಸ್ನಾಯುಗಳಿಗೆ ಸಂಬಂಧಿಸಿದ್ದು. ಕಚ್ಚಾಟದ ಆಟದಲ್ಲಿ ನಾಯಿ ಮೇಲ್ದುಟಿಯನ್ನು ಎತ್ತಿ ಹಲ್ಲು ತೋರಿಸುತ್ತದೆ. ತುಟಿಯನ್ನು ಎತ್ತುವ ಸ್ನಾಯುವೇ ಮೂಗಿನ ಹೊಳ್ಳೆಯನ್ನೂ ಎಳೆದು ಅಗಲಿಸುತ್ತದೆ. ಹೀಗೆ ಮೂಗು ಪದೇಪದೇ ಸುಕ್ಕುಗಟ್ಟಿ ಸಡಿಲಗೊಳ್ಳುವಾಗ ಒಳಗೆ ಕಚಗುಳಿಯಿಟ್ಟಂತಾಗಿ ಗಾಳಿ ಹೊರಚಿಮ್ಮುತ್ತದೆ ಎಂಬುದು ಪಶುವೈದ್ಯರು ಸಾಮಾನ್ಯವಾಗಿ ಕೊಡುವ ವಿವರಣೆ. ಇದು ಪಕ್ಕದ ಮನೆಯ ನಾಯಿಯೊಡನೆ ನಡೆಯುವ ಆಟಕ್ಕೆ ಚೆನ್ನಾಗಿ ಒಪ್ಪುತ್ತದೆ. ಆದರೆ ಚೈನು ನೋಡಿ ಕುಣಿಯುವ ಕರಿಯನ ಮೂಗಿಗೆ ರೋಮವೂ ಇಲ್ಲ, ಧೂಳೂ ಇಲ್ಲ, ಕಚ್ಚಾಟವೂ ಇಲ್ಲ. ಅಲ್ಲಿ ದೇಹದ ವಿವರಣೆ ಅರ್ಧಕ್ಕೆ ನಿಲ್ಲುತ್ತದೆ.

ಅಲ್ಲಿಂದ ಮುಂದಕ್ಕೆ ಸಂವಹನದ ಮಾತು. ನಾಯಿಗಳ ಆಟ ನೋಡುವುದಕ್ಕೆ ಜಗಳದಂತೆಯೇ ಇರುತ್ತದೆ: ಓಡಿಸುವುದು, ಕೆಡಹುವುದು, ಗಂಟಲಿಗೆ ಬಾಯಿ ಹಾಕುವುದು. ಇದು ಜಗಳವಾಗಿ ತಿರುಗದಿರಬೇಕಾದರೆ ‘ಇದು ಆಟ’ ಎಂಬ ಸಂದೇಶ ಆಗಾಗ್ಗೆ ಹರಿಯುತ್ತಲೇ ಇರಬೇಕು. ಮುಂಗಾಲು ನೆಲಕ್ಕೆ ಊರಿ ಹಿಂಭಾಗ ಎತ್ತಿ ನಿಲ್ಲುವ ಭಂಗಿ ಅಂಥ ಸಂದೇಶಗಳಲ್ಲಿ ಅತ್ಯಂತ ಪರಿಚಿತವಾದುದು. ಅಮೆರಿಕದ ಪ್ರಾಣಿವರ್ತನಾ ವಿಜ್ಞಾನಿ ಮಾರ್ಕ್ ಬೆಕಾಫ್ ಈ ಭಂಗಿಯನ್ನು ದೀರ್ಘಕಾಲ ಅಧ್ಯಯನ ಮಾಡಿ, ಅದು ಆಟದ ಆರಂಭಕ್ಕೆ ಕೊಡುವ ಆಹ್ವಾನ ಮಾತ್ರವಲ್ಲ, ತಲೆಯನ್ನು ಅತ್ತಿತ್ತ ಜಾಡಿಸುತ್ತ ಕಚ್ಚುವಂಥ, ತಪ್ಪು ತಿಳಿಯಬಹುದಾದ ವರ್ತನೆಯ ಮುಂಚೆ ಅಥವಾ ಅದರ ಬೆನ್ನಿಗೇ ಹೆಚ್ಚಾಗಿ ಬರುತ್ತದೆ ಎಂದು 1995ರಲ್ಲಿ ತೋರಿಸಿದರು. ಬರಹದಲ್ಲಿ ಅಲ್ಪವಿರಾಮ, ಪೂರ್ಣವಿರಾಮಗಳು ಮಾಡುವ ಕೆಲಸವನ್ನು ಆಟದಲ್ಲಿ ಈ ಭಂಗಿ ಮಾಡುತ್ತದೆ ಎಂಬುದು ಅವರ ನಿಲುವು. ಮೂಗಿನ ಚಿಮ್ಮುಸೀನನ್ನು ಇಂಥದೇ ಒಂದು ಚಿಹ್ನೆಯೆಂದು ಅನೇಕ ತರಬೇತುದಾರರು ಎಣಿಸುತ್ತಾರೆ. ನನ್ನ ಒಲವೂ ಆ ಕಡೆಗೇ. ಆಟ ಬಿರುಸಾದಾಗ ಒಂದು ನಾಯಿ ‘ಫ್ಸ್’ ಎಂದೊಡನೆ ಇನ್ನೊಂದು ಅರೆಕ್ಷಣ ಹಿಡಿತ ಸಡಿಲಿಸಿ, ಮೈ ಕೊಡವಿ, ಮತ್ತೆ ಮೇಲೆ ಬೀಳುವುದನ್ನು ನಾನು ಬಹಳ ಬಾರಿ ನೋಡಿದ್ದೇನೆ. ಆದರೆ ನಾಯಿ ‘ಈಗ ಸೀನಿ ತಿಳಿಸೋಣ’ ಎಂದು ಯೋಚಿಸಿ ಸೀನುತ್ತದೆಂದು ಹೇಳಲಾರೆ. ನಾವು ನಗುವಾಗ ಸಂದೇಶ ಕಳಿಸುತ್ತಿದ್ದೇವೆಂದು ಯೋಚಿಸುವುದಿಲ್ಲ. ಆದರೂ ಎದುರಿನವರಿಗೆ ಸಂದೇಶ ತಲುಪುತ್ತದೆ. ಇಲ್ಲಿಯೂ ಅಷ್ಟೇ.

ನಾಯಿಯ ಬಳಗದಲ್ಲಿ ಸೀನು ಸಂದೇಶವಾಗಬಲ್ಲದು ಎಂಬುದಕ್ಕೆ ಬಲವಾದ ಪುರಾವೆ ಸಿಕ್ಕಿದ್ದು ನಮ್ಮ ಮನೆಯಂಗಳದಿಂದ ಬಹಳ ದೂರದಲ್ಲಿ, ಬೋಟ್ಸ್ವಾನಾ ದೇಶದ ಒಕವಾಂಗೊ ನದೀಮುಖಜ ಪ್ರದೇಶದಲ್ಲಿ. ಅಲ್ಲಿನ ಆಫ್ರಿಕನ್ ಕಾಡುನಾಯಿಗಳು ವಿಶ್ರಾಂತಿ ಮುಗಿಸಿ ಬೇಟೆಗೆ ಹೊರಡುವ ಮುನ್ನ ಒಂದೆಡೆ ಸೇರಿ, ಒಂದಕ್ಕೊಂದು ಮೂತಿ ತಾಗಿಸಿ ಗದ್ದಲವೆಬ್ಬಿಸುತ್ತವೆ. ಕೆಲವೊಮ್ಮೆ ಆ ಗದ್ದಲದ ನಂತರ ಗುಂಪು ಹೊರಡುತ್ತದೆ, ಕೆಲವೊಮ್ಮೆ ಮತ್ತೆ ಮಲಗಿಬಿಡುತ್ತದೆ. ಐದು ಗುಂಪುಗಳ ಇಂಥ 68 ಕೂಟಗಳನ್ನು ದಾಖಲಿಸಿದ ಸಂಶೋಧಕರು, ಕೂಟದಲ್ಲಿ ಸೀನುಗಳು ಹೆಚ್ಚಾದಷ್ಟೂ ಗುಂಪು ಹೊರಡುವ ಸಾಧ್ಯತೆ ಹೆಚ್ಚುತ್ತದೆ ಎಂಬುದನ್ನು 2017ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಗುಂಪಿನ ಯಜಮಾನ ಜೋಡಿಯೇ ಕೂಟವನ್ನು ಆರಂಭಿಸಿದ್ದರೆ ಸುಮಾರು ಮೂರು ಸೀನು ಸಾಕಾಗುತ್ತಿತ್ತು. ಕೆಳಗಿನ ಅಂತಸ್ತಿನ ನಾಯಿ ಆರಂಭಿಸಿದ್ದರೆ ಸುಮಾರು ಹತ್ತು ಸೀನು ಬೇಕಾಗುತ್ತಿತ್ತು. ಆಗ ಪತ್ರಿಕೆಗಳೆಲ್ಲ ಇದನ್ನು ನಾಯಿಗಳ ಮತದಾನವೆಂದು ಬಣ್ಣಿಸಿದವು. ಸಂಶೋಧಕರು ವಿವರಿಸಿದ ಆ ಸೀನು ಕೂಡ ಮೂಗಿನಿಂದ ಗಾಳಿಯನ್ನು ಥಟ್ಟನೆ ಹೊರಹಾಕುವ ಕ್ರಿಯೆಯೇ, ಶೀತದ ಸೀನಲ್ಲ.

ಇಲ್ಲೊಂದು ಎಚ್ಚರಿಕೆಯ ಮಾತು ಅಗತ್ಯ. ಆಫ್ರಿಕನ್ ಕಾಡುನಾಯಿ ನಮ್ಮ ಸಾಕುನಾಯಿಯ ಪೂರ್ವಜನಲ್ಲ. ಅದು ಲೈಕಾನ್ ಎಂಬ ಬೇರೆಯೇ ಕುಲಕ್ಕೆ ಸೇರಿದ್ದು. ಬಂಡೀಪುರ, ನಾಗರಹೊಳೆಗಳಲ್ಲಿ ಕಾಣಸಿಗುವ ನಮ್ಮ ಸೀಳುನಾಯಿಯೂ ಇನ್ನೊಂದು ಕುಲದ್ದು. ಅದು ಚದುರಿದ ಗುಂಪನ್ನು ಕೂಡಿಸುವುದು ಸಿಳ್ಳೆಯಂಥ ಕೂಗಿನಿಂದ. ಆದ್ದರಿಂದ ಬೋಟ್ಸ್ವಾನಾದ ಫಲಿತಾಂಶವನ್ನು ತೀರ್ಥಹಳ್ಳಿಯ ಕರಿಯನಿಗೆ ನೇರವಾಗಿ ಅಂಟಿಸಲಾಗದು. ಆದರೂ ಎರಡು ದೃಶ್ಯಗಳ ಹೋಲಿಕೆಯನ್ನು ನಾನು ಕಡೆಗಣಿಸಲಾರೆ. ಅಲ್ಲಿ ಗುಂಪು ಹೊರಡುವ ಮುನ್ನ, ಇಲ್ಲಿ ಚೈನು ಕೈಗೆ ಬಂದಾಗ. ಎರಡೂ ಹೊರಡುವ ಹೊತ್ತಿನ ಸೀನುಗಳು.

ನಿಮ್ಮ ಮನೆಯ ಮಟ್ಟಿಗೆ ಇನ್ನೊಂದು ಕಾರಣವೂ ಸೇರಿಕೊಂಡಿರಬಹುದು, ಅದು ನೀವೇ. ನಾಯಿ ಮೊದಲ ಸಲ ಉದ್ವೇಗದಲ್ಲಿ ಗಾಳಿ ಚಿಮ್ಮಿಸಿದಾಗ ಮನೆಯವರು ನಕ್ಕಿರುತ್ತಾರೆ, ‘ಏನೋ ಕರಿಯಾ’ ಎಂದು ಮಾತನಾಡಿಸಿರುತ್ತಾರೆ, ಮರುಗಳಿಗೆಯಲ್ಲಿ ಬಾಗಿಲು ತೆರೆದಿರುತ್ತದೆ. ಸೀನಿದ ಮೇಲೆ ಬಾಗಿಲು ತೆರೆಯಿತು ಎಂಬಷ್ಟನ್ನು ನಾಯಿ ಬಹು ಬೇಗ ಕಲಿಯುತ್ತದೆ. ತಿಂಡಿ ಬೇಕಾದಾಗ ಡಬ್ಬಿಯ ಮುಂದೆ ಕುಳಿತು ಸೀನುವ ನಾಯಿಗಳನ್ನು ನಾನು ಕಂಡಿದ್ದೇನೆ. ಅವುಗಳ ಮೂಗಿನಲ್ಲಿ ಏನೂ ದೋಷವಿರಲಿಲ್ಲ, ಮನೆಯವರ ಶಿಸ್ತಿನಲ್ಲಿ ಕೊಂಚ ಇತ್ತು. ಕರಿಯನಲ್ಲಿ ಕಲಿಕೆಯ ಪಾಲು ಎಷ್ಟೆಂದು ತಿಳಿಯುವ ಕುತೂಹಲವಿದ್ದರೆ, ಒಂದೆರಡು ವಾರ ಚೈನು ಹಿಡಿದು ಮೌನವಾಗಿ ನಿಲ್ಲಿ. ಅವನು ನಾಲ್ಕೂ ಕಾಲು ನೆಲದ ಮೇಲಿಟ್ಟು ಸುಮ್ಮನೆ ನಿಂತಾಗ ಮಾತ್ರ ಚೈನು ಸಿಕ್ಕಿಸಿ ಹೊರಡಿ. ಸೀನು ಕಡಿಮೆಯಾದರೆ ಅಷ್ಟು ಪಾಲು ಕಲಿತದ್ದು, ಉಳಿದದ್ದು ಉದ್ವೇಗದ್ದು. ಕಡಿಮೆಯಾಗದಿದ್ದರೂ ನಷ್ಟವಿಲ್ಲ, ಬಾಗಿಲಲ್ಲಿ ಎಳೆದಾಡದ ನಾಯಿಯಾದರೂ ನಿಮಗೆ ದಕ್ಕುತ್ತದೆ.

ಅತ್ತೆಯವರ ವಿಷಯ. ಶಕುನ ನನ್ನ ಶಾಸ್ತ್ರಕ್ಕೆ ಸೇರಿದ್ದಲ್ಲ. ಆದರೆ ನಮ್ಮ ಕಡೆಯ ಹಿರಿಯರು ಒಂಟಿ ಸೀನನ್ನು ಮಾತ್ರ ಅಪಶಕುನವೆನ್ನುತ್ತಿದ್ದರು, ಜೋಡಿ ಸೀನಿಗೆ ಅಡ್ಡಿಯಿರಲಿಲ್ಲ. ಕರಿಯ ಸೀನುವುದು ನಾಲ್ಕೈದು ಬಾರಿ ಎಂಬುದನ್ನು ಅವರ ಗಮನಕ್ಕೆ ತನ್ನಿ.

ಇನ್ನು, ಇದರೊಡನೆ ಜನರು ಗೊಂದಲ ಮಾಡಿಕೊಳ್ಳುವ ಇನ್ನೊಂದು ಸ್ಥಿತಿಯಿದೆ, ಅದನ್ನು ಹಿಮ್ಮುಖ ಸೀನು ಎನ್ನುತ್ತೇವೆ. ಅದೂ ಉದ್ವೇಗದ ಹೊತ್ತಿಗೆ ಅಥವಾ ಕೊರಳಪಟ್ಟಿ ಎಳೆದಾಗ ಬರುವುದುಂಟು. ಅಲ್ಲಿ ಗಾಳಿ ಹೊರಕ್ಕೆ ಸಿಡಿಯುವುದಿಲ್ಲ, ಮೂಗಿನ ಮೂಲಕ ಒಳಕ್ಕೆ ಎಳೆಯಲ್ಪಡುತ್ತದೆ. ನಾಯಿ ಇದ್ದಕ್ಕಿದ್ದಂತೆ ನಿಂತು, ಕತ್ತು ಚಾಚಿ, ಮೊಣಕೈಗಳನ್ನು ಅಗಲಿಸಿ, ಹಂದಿಯಂತೆ ಗೊರ್ ಗೊರ್ ಸದ್ದು ಮಾಡುತ್ತದೆ. ಮೊದಲ ಸಲ ನೋಡಿದವರು ಉಸಿರು ಕಟ್ಟಿತೆಂದೇ ಹೆದರುತ್ತಾರೆ. ರಾತ್ರಿ ಹನ್ನೊಂದಕ್ಕೆ ನನ್ನ ಬಾಗಿಲು ಬಡಿದವರೂ ಇದ್ದಾರೆ, ಅವರು ಬಂದು ತಲುಪುವಷ್ಟರಲ್ಲಿ ನಾಯಿ ಕಾರಿನ ಕಿಟಕಿಯಿಂದ ಬೀದಿ ನೋಡುತ್ತಿತ್ತು. ಮೂಗಿನ ಹಿಂಭಾಗ, ಅಂಗುಳದ ಮೇಲ್ಗಡೆ ಕೆರಳಿದಾಗ ಅಲ್ಲಿ ಸಿಕ್ಕಿದ್ದನ್ನು ಗಂಟಲಿಗೆ ಎಳೆದುಕೊಳ್ಳಲು ದೇಹ ಮಾಡುವ ಪ್ರಯತ್ನವದು. ಹೆಚ್ಚಾಗಿ ಒಂದು ನಿಮಿಷದೊಳಗೆ ತಾನಾಗಿಯೇ ನಿಲ್ಲುತ್ತದೆ. ಗಂಟಲನ್ನು ಮೃದುವಾಗಿ ನೀವಿದರೆ ನಾಯಿ ಒಮ್ಮೆ ನುಂಗಿಕೊಂಡು ಸುಧಾರಿಸುತ್ತದೆ. ಬಾಯೊಳಗೆ ಕೈ ಹಾಕಬಾರದು. ಪಗ್, ಶಿಟ್ಜು, ಬುಲ್‌ಡಾಗ್‌ಗಳಂಥ ಚಪ್ಪಟೆ ಮೂತಿಯ ತಳಿಗಳಲ್ಲಿ ಅಂಗುಳ ಉದ್ದವಾಗಿ, ಹೊಳ್ಳೆ ಕಿರಿದಾಗಿರುವುದರಿಂದ ಇದು ಹೆಚ್ಚು. ಆ ತಳಿಗಳು ಆಟದ ನಡುವೆ ಗೊರಗುಟ್ಟುವುದನ್ನು ಮುದ್ದೆಂದು ಭಾವಿಸಿ ಬಿಸಿಲಿನಲ್ಲಿ ಆಟ ಮುಂದುವರಿಸಬಾರದು. ಅವುಗಳಿಗೆ ಮೈಯ ಶಾಖ ಇಳಿಸಿಕೊಳ್ಳುವುದು ಕಷ್ಟ, ಬಲು ಬೇಗ ಬಿಸಿಲಾಘಾತ ತಗುಲುತ್ತದೆ. ಕರಿಯನಂಥ ನೀಳಮೂತಿಯ ನಾಟಿ ನಾಯಿಗಳಿಗೆ ಈ ತೊಂದರೆ ವಿರಳ.

ಯಾವ ಸೀನಿಗೆ ಹೆದರಬೇಕು ಎಂಬುದನ್ನು ನೀವು ಕೇಳಿಲ್ಲವಾದರೂ, ಮಲೆನಾಡಿನವರಾದುದರಿಂದ ಹೇಳಲೇಬೇಕು. ಮಳೆಗಾಲದಲ್ಲಿ ತೋಟಕ್ಕೆ ಹೋಗಿಬಂದ ನಾಯಿ ಇದ್ದಕ್ಕಿದ್ದಂತೆ ಎಡೆಬಿಡದೆ ಸೀನುತ್ತ, ಮುಂಗಾಲಿನಿಂದ ಮೂತಿ ಉಜ್ಜಿಕೊಳ್ಳುತ್ತ, ಒಂದೇ ಹೊಳ್ಳೆಯಿಂದ ರಕ್ತ ತೊಟ್ಟಿಕ್ಕಿಸುತ್ತಿದ್ದರೆ ಮೊದಲು ಇಂಬಳವನ್ನೇ ನೆನೆಯಬೇಕು. ಹುಲ್ಲು ಮೂಸುವಾಗ ಹೊಳ್ಳೆಯೊಳಗೆ ಹೊಕ್ಕ ಇಂಬಳ ಅಲ್ಲಿಯೇ ಕಚ್ಚಿಕೊಂಡು ರಕ್ತ ಕುಡಿದು ಉಬ್ಬುತ್ತದೆ. ನಮ್ಮ ಕಾಲಿಗೆ ಹತ್ತಿದಾಗ ಮಾಡುವಂತೆ ಉಪ್ಪು, ಸುಣ್ಣ, ಹೊಗೆಸೊಪ್ಪಿನ ನೀರುಗಳನ್ನು ನಾಯಿಯ ಮೂಗಿಗೆ ಹಾಕಬೇಡಿ. ಸುಣ್ಣ ಪೊರೆಯನ್ನು ಸುಡುತ್ತದೆ, ಹೊಗೆಸೊಪ್ಪಿನ ನಿಕೋಟಿನ್ ನಾಯಿಗೆ ವಿಷ. ವೈದ್ಯರು ಇಕ್ಕಳದಿಂದ ತೆಗೆಯುವುದು ಕೆಲವೇ ನಿಮಿಷಗಳ ಕೆಲಸ. ಬಯಲುಸೀಮೆಯಲ್ಲಿ ಇದೇ ಚಿತ್ರವನ್ನು ಒಣಹುಲ್ಲಿನ ತೆನೆಯ ಮುಳ್ಳು ತರುತ್ತದೆ. ಅದು ಮುಂದಕ್ಕೆ ಜಾರುತ್ತದೆಯೇ ಹೊರತು ಹಿಂದಕ್ಕೆ ಬರುವುದಿಲ್ಲ, ಆದ್ದರಿಂದ ತಾನಾಗಿ ಬೀಳಲೆಂದು ಕಾಯುವುದರಿಂದ ಪ್ರಯೋಜನವಿಲ್ಲ.

ಮೂಗಿನಿಂದ ರಕ್ತ ಬರುವುದಕ್ಕೆ ಇನ್ನೊಂದು ಸಾಮಾನ್ಯ ಕಾರಣ ಉಣ್ಣೆಗಳಿಂದ ಹರಡುವ ಎರ್ಲಿಕಿಯಾ ಜ್ವರ. ಅದರಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಕುಸಿಯುತ್ತವೆ, ಜ್ವರ ಬರುತ್ತದೆ, ಒಸಡು ಬಿಳಿಚುತ್ತದೆ, ಊಟ ನಿಲ್ಲುತ್ತದೆ. ರಕ್ತಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ, ಬೇಗ ಹಿಡಿದರೆ ಗುಣವಾಗುತ್ತದೆ. ಬೀದಿನಾಯಿಗಳೊಡನೆ ಬೆರೆಯುವ ನಾಯಿಗಳಲ್ಲಿ, ಒಂದನ್ನೊಂದು ಮೂಸಿ ನೆಕ್ಕುವುದರಿಂದ ಹರಡುವ ಗೆಡ್ಡೆಯೊಂದು ಮೂಗಿನೊಳಗೂ ಬೆಳೆಯುತ್ತದೆ. ಗೆಡ್ಡೆಯೆಂಬ ಹೆಸರು ಭಯಂಕರವಾದರೂ ವಿನ್‌ಕ್ರಿಸ್ಟಿನ್ ಎಂಬ ಔಷಧಿಯ ಚುಚ್ಚುಮದ್ದಿಗೆ ಬಹುಪಾಲು ಕರಗಿಹೋಗುವ ಗೆಡ್ಡೆ ಅದು. ಲಸಿಕೆಯಾಗದ ಮರಿಯೊಂದು ಸೀನುತ್ತ, ಕಣ್ಣು ಮೂಗುಗಳಲ್ಲಿ ಕೀವು ಸುರಿಸುತ್ತ ಮಂಕಾಗಿದ್ದರೆ ಡಿಸ್ಟೆಂಪರ್ ಇರಬಹುದು. ಅಲ್ಲಿ ಒಂದು ದಿನದ ವಿಳಂಬವೂ ದುಬಾರಿ. ವಯಸ್ಸಾದ ನಾಯಿ ಊಟದ ಬೆನ್ನಿಗೇ ಸೀನುತ್ತಿದ್ದರೆ ತುಟಿ ಎತ್ತಿ ಮೇಲಿನ ಕೋರೆಹಲ್ಲನ್ನು ನೋಡಿ. ಹಲ್ಲಿನ ಬೇರು ಕೊಳೆತು ಬಾಯಿಗೂ ಮೂಗಿಗೂ ನಡುವೆ ರಂಧ್ರವಾಗಿ, ತಿಂದದ್ದು ಮೂಗಿಗೆ ಏರುತ್ತಿರಬಹುದು.

ಅಲರ್ಜಿಯ ಬಗ್ಗೆ ಬಹಳ ಜನ ಕೇಳುತ್ತಾರೆ. ನಾಯಿಗಳಲ್ಲಿ ಅಲರ್ಜಿ ಮೊದಲು ತೋರುವುದು ಚರ್ಮದಲ್ಲಿ, ಪಾದ ನೆಕ್ಕುವುದು, ಕಿವಿ ಕೆರೆಯುವುದು ಹೀಗೆ, ಮನುಷ್ಯರಂತೆ ಸೀನಿನಲ್ಲಲ್ಲ. ಆದರೆ ನೇರವಾಗಿ ಮೂಗನ್ನು ಕೆರಳಿಸುವ ವಸ್ತುಗಳು ಮನೆಯಲ್ಲಿಯೇ ಇರುತ್ತವೆ: ಸೊಳ್ಳೆಬತ್ತಿ, ಅಗರಬತ್ತಿ, ಫಿನಾಯಿಲ್, ರಂಗೋಲಿ ಪುಡಿ. ಸಂಜೆ ದೀಪ ಹಚ್ಚುವ ಹೊತ್ತೂ ಕರಿಯನ ತಿರುಗಾಟದ ಹೊತ್ತೂ ಒಂದೇ ಆಗಿದ್ದರೆ, ಒಂದು ದಿನ ಊದುಬತ್ತಿ ಹಚ್ಚುವ ಮೊದಲೇ ಚೈನು ತೆಗೆದು ನೋಡಿ. ಆಗಲೂ ಸೀನಿದರೆ ಊದುಬತ್ತಿ ನಿರಪರಾಧಿ.

ಯಜಮಾನರು ಶೀತವೆಂದು ತಿಳಿದು ಮನೆಯಲ್ಲಿರುವ ಮಾತ್ರೆ ಕೊಡದಂತೆ ನೋಡಿಕೊಳ್ಳಿ. ನಮ್ಮ ಶೀತದ ಮಾತ್ರೆಗಳಲ್ಲಿರುವ ಸ್ಯೂಡೋಎಫೆಡ್ರಿನ್ ಸಣ್ಣ ಪ್ರಮಾಣದಲ್ಲಿಯೂ ನಾಯಿಯ ಹೃದಯಬಡಿತವನ್ನು ಅಪಾಯಕ್ಕೆ ಏರಿಸುತ್ತದೆ. ನೀಲಗಿರಿ ಎಣ್ಣೆಯನ್ನು ಮೂಗಿಗೆ ಸವರುವುದೂ ಬೇಡ. ಅದನ್ನು ನಾಯಿ ನೆಕ್ಕಿಯೇ ನೆಕ್ಕುತ್ತದೆ, ಹೊಟ್ಟೆಗೆ ಹೋದರೆ ಅದು ವಿಷವೇ.

ಮುಂದಿನ ಲಸಿಕೆಗೆ ಕರಿಯನನ್ನು ಕರೆದೊಯ್ಯುವಾಗ, ಚೈನು ಕಂಡು ಅವನು ಸೀನುವುದನ್ನು ಮೊಬೈಲಿನಲ್ಲಿ ಅರ್ಧ ನಿಮಿಷ ಚಿತ್ರಿಸಿಕೊಂಡು ಹೋಗಿ ವೈದ್ಯರಿಗೆ ತೋರಿಸಿ. ಆಸ್ಪತ್ರೆಯ ಮೇಜಿನ ಮೇಲೆ ಅವನು ಖಂಡಿತ ಸೀನುವುದಿಲ್ಲ. ಅಲ್ಲಿ ಸಂತೋಷಪಡುವಂಥದ್ದು ಅವನಿಗೆ ಏನೂ ಕಾಣುವುದಿಲ್ಲ.